ಮಣ್ಣವ್ವ ಒರೆಸದೆ ಬಿಟ್ಟ ಹೆಜ್ಜೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ನೆಟ್ಟಗೆ ನಿಂತು ಅಭ್ಯಾಸವಾಗಿರಲಿಲ್ಲ. ಕಲ್ಲು ಎಂಬುದು ಅಲ್ಲೊಂದು ಇಲ್ಲೊಂದು ಇತ್ತು, ಮಿಕ್ಕಿದ್ದೆಲ್ಲ ಮೆತ್ತನೆಯ ಮಣ್ಣು. ಕೋಳಿ ಇರಲಿಲ್ಲ, ಎಮ್ಮೆ ಇರಲಿಲ್ಲ, ಅವುಗಳ ಹಿಂದೆ ಕೋಲು ಹಿಡಿದು ಓಡಲು ನಾವೂ ಇರಲಿಲ್ಲ.

ಆ ಮಣ್ಣಿಗೆಲ್ಲ ಯಜಮಾನಿ ಮಣ್ಣವ್ವ. ವಯಸ್ಸಾದವಳು. ಕೈ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು. ಹೊಳೆಯ ದಂಡೆಯ ಮೇಲೆ ಅವಳಿಗೊಂದು ಅಂಗಳವಿತ್ತು. ಆ ಅಂಗಳವೆಂದರೆ ಅವಳಿಗೆ ಜೀವ.

ದಿನಾ ಬೆಳಗಾದರೆ ಹೊಳೆವ್ವ ಕೊಡಗಟ್ಟಲೆ ನೀರು ತಂದು ಸುರಿಯುವಳು. ಮಣ್ಣವ್ವ ಪಕ್ಕದ ಹೊಂಡದಿಂದ ಮಣ್ಣು ಎತ್ತಿ, ಕಲಸಿ, ಅಂಗೈಯಗಲ ಬಳಿದು ಅಂಗಳ ಸಾರಿಸುವಳು. ಗಾಳೆಪ್ಪ ಬಂದು ಬೀಸಿ ಆರಿಸುವನು. ಮರುದಿನ ಅದರ ಮೇಲೆ ಮತ್ತೊಂದು ಸಾರಣೆ. ಅದರ ಮರುದಿನ ಇನ್ನೊಂದು.

ಅವಳದು ಒಂದೇ ಕಟ್ಟಪ್ಪಣೆ. “ಸಾರಿಸಿದ ನೆಲ ಆರೂತನಕ ಯಾರೂ ಕಾಲಿಡಬಾರದು.”

ಆ ಕಾಲದ ಪ್ರಾಣಿಗಳು ಗುಡ್ಡದಷ್ಟು ದೊಡ್ಡವು. ಆದರೂ ಮಣ್ಣವ್ವನ ಬಾಯಿಗೆ ಹೆದರಿ ಅಂಗಳದ ಅಂಚಿನಲ್ಲೇ ಬಾಲ ಮುದುರಿಕೊಂಡು ಸುತ್ತಿ ಹೋಗುತ್ತಿದ್ದವು. ಅಕಸ್ಮಾತ್ ಯಾವುದಾದರೂ ಕಾಲಿಟ್ಟರೆ ಮಣ್ಣವ್ವ ಬಯ್ಯುತ್ತ ಬಂದು ಅಂಗೈ ಎಳೆದು ಗುರುತು ಒರೆಸಿಬಿಡುವಳು. ಹಾಗಾಗಿ ಆ ಲೋಕದಲ್ಲಿ ಯಾರ ಹೆಜ್ಜೆಯೂ ಉಳಿಯುತ್ತಿರಲಿಲ್ಲ. ಯಾರು ಬಂದರು, ಯಾರು ಹೋದರು ಎಂದು ಕೇಳಿದರೆ ಹೇಳುವವರೇ ಇರಲಿಲ್ಲ.

ಒಂದು ದಿನ ಮಣ್ಣವ್ವ ಬೇಗ ಎದ್ದು ಅಂಗಳ ಸಾರಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳಲು ಸ್ವಲ್ಪ ಒರಗಿದ್ದಳು. ಎದ್ದು ನೋಡುತ್ತಾಳೆ, ಹಸಿ ನೆಲದ ನಟ್ಟನಡುವೆ ಈ ತುದಿಯಿಂದ ಆ ತುದಿಯವರೆಗೆ ದುಂಡು ದುಂಡು ಹೆಜ್ಜೆ.

“ಯಾರದ ಇದು? ನನ್ನ ಅಂಗಳೇನು ಸಂತಿ ಬಯಲಾ?” ಎಂದು ಮಣ್ಣವ್ವ ಸಿಡಿಮಿಡಿಗೊಂಡಳು. ಅಂಗಳದ ನಡುವೆ ಬಗ್ಗಿ, ಅಲ್ಲಿಂದ ಎಡದ ಅಂಚಿನವರೆಗೆ ಅಂಗೈ ಎಳೆದಳು. ಅಷ್ಟು ಜಾಗ ನುಣ್ಣಗಾಯಿತು. ಉಳಿದದ್ದನ್ನು ಒರೆಸಲು ಕೈ ಎತ್ತಿದಳು, ಅಷ್ಟರಲ್ಲಿ ಬಲಗಡೆಯಿಂದ ನೆಲ ಅದುರಿತು.

ನೀಳಗೊರಳಿ ಓಡಿ ಬರುತ್ತಿದ್ದಳು. ಎತ್ತರದ ಮರದ ತುದಿಯ ಎಲೆಯನ್ನು ನಿಂತಲ್ಲೇ ಮೇಯುವ ಹೆಣ್ಣು. ಅಷ್ಟು ಗಾಬರಿಯಲ್ಲೂ ಅಂಗಳದ ಅಂಚಿಗೆ ಬಂದು ಗಕ್ಕನೆ ನಿಂತಳು, ಮಣ್ಣವ್ವನ ಬಾಯಿಯ ಹೆದರಿಕೆ ಅಷ್ಟಿತ್ತು.

“ಯವ್ವಾ, ನನ್ನ ಮರಿ ಕಂಡಿಯೇನ? ಗಿಡ್ಡ ಅಂತ ಕರೀತೀನಿ, ಇನ್ನೂ ಕೊರಳು ಬೆಳದಿಲ್ಲ ಅದಕ್ಕ. ನಸುಕಿನಾಗ ಬಾಜೂಕ ಮಲಗಿತ್ತು. ಎದ್ದು ನೋಡಿದರ ಇಲ್ಲ.”

“ಯಾರನ್ನರ ಕೇಳಿದಿ?”

“ಗಾಳೆಪ್ಪನ್ನ ಕೇಳಿದೆ. ಗುಡ್ಡದ ಕಡೆ ಹೋಗಿರಬೇಕು ಅಂದ. ಗುಡ್ಡ ಹತ್ತಿ ಇಳದೆ, ಇಲ್ಲ. ಹೊಳೆವ್ವನ್ನ ಕೇಳಿದೆ.” ನೀಳಗೊರಳಿ ಹೊಳೆಯ ಕಡೆ ಕೊರಳು ಹೊರಳಿಸಿದಳು. “ಏನೋ ತೇಲಿ ಹೋದಂಗಿತ್ತು ಅಂದಳು. ಹೌದೋ ಅಲ್ಲೋ ಅಂದರ, ನಾ ತಿರುಗಿ ನೋಡಾಕಿ ಅಲ್ಲ ಅಂದಳು.”

ಹೊಳೆವ್ವ ದಂಡೆಯ ಕೆಳಗಿಂದ ಕೂಗಿದಳು. “ಗುಡ್ಡದಾಗ ಮಳಿ ಹಿಡದೈತಿ. ಇನ್ನು ಸ್ವಲ್ಪ ಹೊತ್ತಿಗೆ ನಾ ದಂಡಿ ಮ್ಯಾಲೆ ಬರಾಕಿ. ನಿಲ್ಲಂದರ ನನಗ ನಿಲ್ಲಾಕ ಬರಂಗಿಲ್ಲ. ಮರಿ ಎಲ್ಲೈತೋ ಲಗೂನ ಹುಡುಕ್ರಿ.”

ಮಣ್ಣವ್ವ ಎತ್ತಿದ ಕೈ ಕೆಳಗಿಳಿಸಿದಳು. ಹೆಜ್ಜೆ ನೋಡಿದಳು. ದುಂಡಗಿನ, ಪುಟ್ಟ ಹೆಜ್ಜೆ. ಬಾಯಿ ಎಷ್ಟೇ ಖಾರವಾಗಿದ್ದರೂ ಅವಳೂ ಹೆಂಗಸೇ.

“ಇಲ್ಲಿ ನೋಡ, ನಿನ್ನ ಮಗನ ಹೆಜ್ಜಿ,” ಎಂದಳು.

ನೀಳಗೊರಳಿ ನೋಡಿದಳೋ ಇಲ್ಲವೋ. ಹೆಜ್ಜೆ ಹೊಳೆಯ ಕಡೆಯ ಜೊಂಡಿಗೆ ಹೋಗಿದೆ ಎಂದಷ್ಟು ಕಂಡಿದ್ದೇ ತಡ, ಅಂಚು ಸುತ್ತಿ ಜೊಂಡಿನೊಳಕ್ಕೆ ನುಗ್ಗಿದಳು. ಜೊಂಡೆಲ್ಲ ಮುರಿದು ಹಾಕಿದಳು. ಮರಿ ಇಲ್ಲ. ಅಳುತ್ತ ವಾಪಸು ಬಂದಳು.

“ಅರ್ಧಾ ನೋಡಿ ಓಡಿದಿ,” ಮಣ್ಣವ್ವ ಗದರಿದಳು. “ಅವರಿವರನ್ನ ಕೇಳಿ ಓಡಿದ್ದಾತು, ಅರ್ಧಾ ನೋಡಿ ಓಡಿದ್ದಾತು. ಈಗ ಕುಂದ್ರು. ಕಣ್ಣು ಒರಸ್ಕೊ. ಮೊದಲಿಂದ ನೋಡು. ಇಲ್ಲಿ ಏನೈತಿ ಅದನ್ನಷ್ಟ ಹೇಳು.”

ನೀಳಗೊರಳಿ ಅಂಚಿನಲ್ಲೇ ಕುಳಿತಳು. ಉದ್ದನೆಯ ಕೊರಳು ಚಾಚಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿಸಿ, ಮೊದಲ ಹೆಜ್ಜೆಯಿಂದ ನೋಡತೊಡಗಿದಳು.

“ಇಲ್ಲಿ ಹೆಜ್ಜಿ ಒತ್ತೊತ್ತಾಗಿ ಅದಾವ,” ಎಂದಳು ನಿಧಾನವಾಗಿ. “ಸಾವಕಾಶ ನಡದಾನ. ಇಲ್ಲಿ ದೂರ ದೂರ ಆಗ್ಯಾವ. ಓಡ್ಯಾನ. ಯಾಕ ಓಡಿದ?”

“ಏರೋಪ್ಲೇನ್ ಚಿಟ್ಟಿ ಬೆನ್ನು ಹತ್ತಿರಬೇಕು,” ಎಂದ ಗಾಳೆಪ್ಪ. ಆಗಿನ್ನೂ ವಿಮಾನ ಹುಟ್ಟಿರಲಿಲ್ಲ, ಆದರೆ ಏರೋಪ್ಲೇನ್ ಚಿಟ್ಟೆ ಹುಟ್ಟಿತ್ತು.

“ಬಾಯಿ ಮುಚ್ಚ,” ಎಂದಳು ಮಣ್ಣವ್ವ. “ಕಂಡದ್ದನ್ನ ಹೇಳು, ಅಂದಾಜು ಹೇಳಬ್ಯಾಡ.”

ನೀಳಗೊರಳಿ ಮುಂದೆ ನೋಡಿದಳು, ಥಟ್ಟನೆ ಕಣ್ಣು ಮುಚ್ಚಿಕೊಂಡಳು. ಮರಿಯ ಹೆಜ್ಜೆಯ ಜೊತೆಗೇ ಇನ್ನೊಂದು ಹೆಜ್ಜೆ ಇತ್ತು. ಮೂರು ಬೆರಳು, ಚೂಪು ಉಗುರು. ಮರಿಗಳನ್ನು ಹಿಡಿದು ತಿನ್ನುವ ಪ್ರಾಣಿಯದು.

“ಮುಗೀತು,” ಎಂದಳು. “ನನ್ನ ಕೂಸು ಮುಗೀತು.”

“ಕಣ್ಣು ತಗಿ. ಮತ್ತೊಮ್ಮಿ ನೋಡು. ಯಾವ ಹೆಜ್ಜಿ ಮ್ಯಾಲೈತಿ, ಯಾವುದು ಕೆಳಗೈತಿ?”

ಒಂದು ಕಣ್ಣಷ್ಟೇ ತೆರೆದು ನೋಡಿದಳು ನೀಳಗೊರಳಿ. ಮೂರು ಬೆರಳಿನ ಗುರುತಿನ ಮೇಲೆ ಮರಿಯ ದುಂಡು ಹೆಜ್ಜೆ ಒತ್ತಿ ಕೂತಿತ್ತು. ಒಂದು ಬೆರಳಂತೂ ಅದರಡಿಯಲ್ಲಿ ಅರ್ಧ ಮುಚ್ಚಿಹೋಗಿತ್ತು.

“ಮೂರು ಬೆರಳಿಂದು ಕೆಳಗೈತಿ,” ಎಂದಳು. ಎರಡನೆಯ ಕಣ್ಣೂ ತೆರೆಯಿತು. “ಅಂದರ ಅದು ಮೊದಲ ಹೋಗೇತಿ. ನನ್ನ ಮಗ ಆಮ್ಯಾಲೆ ಬಂದಾನ. ಅದು ಇವನ್ನ ನೋಡೇ ಇಲ್ಲ.”

“ಹೂಂ. ಮುಂದ?”

“ಇಲ್ಲಿ ಜೊಂಡಿನ ತನಕ ಹೋಗ್ಯಾನ. ಇಲ್ಲಿ ತಿರುಗ್ಯಾನ ನೋಡ ಯವ್ವಾ, ಬೆರಳು ಈ ಕಡೆ ಅದಾವ. ಬಂದ ಹೆಜ್ಜಿ ಮ್ಯಾಲೆ ಹೆಜ್ಜಿ ಇಟ್ಟು ವಾಪಸು ಬಂದಾನ. ಅದಕ್ಕ ನನಗ ಒಂದ ಸಾಲು ಕಂಡಿತು.” ನೀಳಗೊರಳಿ ಸರಸರನೆ ಕೊರಳು ಸರಿಸಿದಳು. ಅಂಗಳದ ನಡುವಿಗೆ ಬಂದು ಕೊರಳು ನಿಂತಿತು. “ಇಲ್ಲಿ ಏನೂ ಇಲ್ಲಲ್ಲ.”

ಮಣ್ಣವ್ವ ಬಗ್ಗಿ ನೋಡಿದಳು. ಅದು ಅವಳೇ ಒರೆಸಿದ ಜಾಗ. ಎಲ್ಲಕ್ಕಿಂತ ಬೇಕಾದ ಹೆಜ್ಜೆಗಳನ್ನೇ ಅವಳ ಅಂಗೈ ತಿಂದುಹಾಕಿತ್ತು.

“ಒರೆಸಿದಾಕಿ ನಾನ,” ಎಂದಳು ಮೆಲ್ಲಗೆ. “ತಪ್ಪಾತು ನನ್ನವ್ವ.”

ಹೊಳೆ ದಂಡೆಯ ಹತ್ತಿರ ಬಂದಿತ್ತು, ಸದ್ದು ಕೇಳುತ್ತಿತ್ತು. ನೀಳಗೊರಳಿಗೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿಲ್ಲ. ಅವಳು ಒರೆಸಿದ ಜಾಗದ ಈಚೆ ನೋಡಿದಳು, ಆಚೆ ನೋಡಿದಳು, ಮತ್ತೆ ಈಚೆ ನೋಡಿದಳು.

“ಆಚಿ ಕಡೆ ಬರೂ ಹೆಜ್ಜಿನೂ ಅದಾವ, ಹೋಗೂ ಹೆಜ್ಜಿನೂ ಅದಾವ,” ಎಂದಳು ತನಗೆ ತಾನೇ. “ಈಚಿ ಕಡೆ ಬಂದದ್ದಷ್ಟ ಐತಿ. ವಾಪಸು ಹೋದದ್ದು ಒಂದೂ ಇಲ್ಲ. ಹಂಗಾದರ ಈ ನಡುವಿನ ಜಾಗದಾಗ ಹೊಳ್ಳ್ಯಾನ. ಬಲಕ್ಕ ಹೊಳ್ಳಿದ್ದರ ಅಲ್ಲಿ ಹೆಜ್ಜಿ ಇರತಿದ್ದವು, ಇಲ್ಲ. ಎಡಕ್ಕ ಹೊಳ್ಳ್ಯಾನ. ಎಡಕ್ಕ ಏನೈತಿ ಯವ್ವಾ?”

ಎಡಕ್ಕೆ ಏನಿದೆ ಎಂದು ಮಣ್ಣವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಿಡಗಂಟೆಯ ಮರೆಯಲ್ಲಿ ಅವಳು ದಿನಾ ಮಣ್ಣು ಎತ್ತುವ ಹೊಂಡ. ಹೊಳೆ ದಂಡೆ ಮೀರಿದರೆ ಮೊದಲು ತುಂಬುವುದೇ ಅದು.

ಇಬ್ಬರೂ ಹಸಿ ಅಂಗಳದ ಮೇಲೇ ಓಡಿದರು. ಮಣ್ಣವ್ವನಿಗೆ ಅಂಗಳದ ನೆನಪೇ ಆಗಲಿಲ್ಲ.

ಗಿಡ್ಡ ಅಲ್ಲೇ ಇತ್ತು. ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಹೋಗಿ, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಮೂಗಿನ ಮೇಲೆ ಏರೋಪ್ಲೇನ್ ಚಿಟ್ಟೆ ಕೂತಿತ್ತು. ಹೊಳೆವ್ವನ ಮೊದಲ ನೀರು ಹೊಂಡಕ್ಕೆ ಇಳಿಯುತ್ತಿತ್ತು. ನೀಳಗೊರಳಿ ಕೊರಳು ಇಳಿಬಿಟ್ಟು ಮರಿಯ ಕುತ್ತಿಗೆಯ ಚರ್ಮ ಕಚ್ಚಿ ಎಳೆದಳು. ಕೆಸರು ಬಿಡಲಿಲ್ಲ. ಆಗ ಮಣ್ಣವ್ವ ಹೊಂಡಕ್ಕೆ ಇಳಿದು, ತನ್ನದೇ ಕೆಸರಿಗೆ, “ಬಿಡು, ಕೂಸದು,” ಎಂದಳು. ಕೆಸರು ಹಿಡಿತ ಸಡಿಲಿಸಿತು. ಮರಿ ಮೇಲೆ ಬಂತು.

ಅಳುವುದು, ಮೂಸುವುದು, ನೆಕ್ಕುವುದು ಎಲ್ಲ ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನೀಳಗೊರಳಿ ಅಷ್ಟೆತ್ತರದ ತಲೆಯನ್ನು ತಂದು ಮಣ್ಣವ್ವನ ಪಾದದ ಹತ್ತಿರ ನೆಲಕ್ಕೆ ಮುಟ್ಟಿಸಿದಳು.

“ನೀ ಉಳಿಸಿದ ಹೆಜ್ಜಿ ನನ್ನ ಮಗನ್ನ ಉಳಿಸಿದವು. ನಿನ್ನ ಉಪಕಾರ ನಾ ಹೆಂಗ ಮರೀಲಿ?”

“ಉಳಿಸಿದ್ದು ನಾನಲ್ಲ. ನಾ ಒರಸಾಕ ನಿಂತಾಕಿ. ನೀ ಬಂದಿ, ಕೈ ತಡೀತು. ಉಪಕಾರ ನಿಂದ.” ಮಣ್ಣವ್ವ ಕಣ್ಣೊರೆಸಿಕೊಂಡಳು, ಕಣ್ಣಿಗೂ ಮಣ್ಣಾಯಿತು. “ಇನ್ನ ಮುಂದ ನಾ ಒರಸಂಗಿಲ್ಲ. ಸಾರಸೂದು ಬಿಡಾಕ ಆಗಂಗಿಲ್ಲ, ಅಂಗಳ ಅಂದಮ್ಯಾಲೆ ಸಾರಸಬೇಕು. ಆದರ ಹೆಜ್ಜಿ ಅಳಸದಂಗ, ಹಗೂರಕ ಮ್ಯಾಲೆ ಸಾರಸ್ತೀನಿ. ಯಾವತ್ತರ ಯಾರಿಗರ ಬೇಕಾಗತೈತಿ.”

ಹೊಳೆ ಇಳಿದ ಮೇಲೆ ಮಣ್ಣವ್ವ ಅಂಗಳಕ್ಕೆ ಹೊಸದಾಗಿ ಸಾರಣೆ ಮಾಡಿದಳು. ಮಾಡಿ, ತಾನೇ ತಾಯಿ ಮರಿಯನ್ನು ಕರೆದಳು. “ಬರ್ರಿ. ಹಸಿ ಇದ್ದಾಗ ನಡೀರಿ.”

ಅವರು ನಡೆದರು. ದೊಡ್ಡ ಹೆಜ್ಜೆಯ ಪಕ್ಕಕ್ಕೆ ಪುಟ್ಟ ಹೆಜ್ಜೆ. ಈ ಸಲ ಮರಿ ತಾಯಿಯ ಪಕ್ಕ ಬಿಟ್ಟು ಕದಲಲಿಲ್ಲ. ಅದನ್ನು ನೋಡಿ ಹೊಳೆವ್ವ, “ನನ್ನ ಅಲಿನೂ ಒಂದೀಟು ಇಟ್ಟಿರವ್ವಾ, ನಾ ಹೆಂಗೂ ನಿಲ್ಲಾಕಿ ಅಲ್ಲ,” ಎಂದಳು. ಮಣ್ಣವ್ವ ಹಸಿ ಮಣ್ಣಿನ ಮೇಲೆ ಆ ಅಲೆಯ ಗುರುತನ್ನೂ ಇಟ್ಟುಕೊಂಡಳು.

ದಿನ ದಿನ ಸಾರಣೆಯ ಮೇಲೆ ಸಾರಣೆ ಬಿತ್ತು. ಕೆಳಗಿನದು ಮೇಲಿನದರ ಭಾರಕ್ಕೆ ಗಟ್ಟಿಯಾಗಿ ಕಲ್ಲಾಯಿತು. ಕಾಲ ಉರುಳಿತು. ನೀಳಗೊರಳಿ ಹೋದಳು, ಗಿಡ್ಡ ದೊಡ್ಡದಾಗಿ ಅದೂ ಹೋಯಿತು, ಆ ಗುಡ್ಡದಂಥ ಪ್ರಾಣಿಗಳ ಕುಲವೇ ಹೋಯಿತು. ಅವರ ನಡಿಗೆಯನ್ನು ಮಾತ್ರ ಮಣ್ಣವ್ವ ಯಾರಿಗೂ ಕೊಡದೆ ಇಟ್ಟುಕೊಂಡಳು.

ಅದಕ್ಕೇ ಇವತ್ತಿಗೂ ಎಷ್ಟೋ ಕಲ್ಲು ಉಳಿಯ ಪೆಟ್ಟಿಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ದೂರದ ಯಾವುದೋ ಬಯಲಿನ ಬಂಡೆಯಲ್ಲಿ ದೊಡ್ಡ ಹೆಜ್ಜೆಯ ಪಕ್ಕ ಪುಟ್ಟ ಹೆಜ್ಜೆ ಇರುತ್ತದೆ. ಮಗೂ, ನಿನ್ನ ಶಾಲೆಯ ಪಾಠದ ಪುಟದಲ್ಲಿ ಆ ಚಿತ್ರವಿದೆ, ಕೆಳಗೆ ಪ್ರಶ್ನೆಯೂ ಇದೆ: ‘ಮರಿ ತಾಯಿಯ ಜೊತೆಗೇ ನಡೆಯುತ್ತಿತ್ತು ಎಂದು ನಮಗೆ ಹೇಗೆ ತಿಳಿಯಿತು?’ ನೀನು ಅರ್ಧ ಓದಿ ಉತ್ತರ ಬರೆಯಲು ಹೊರಟರೆ ಪಾಠ ಹೇಳುವ ಅಕ್ಕೋರು, “ಮೊದಲಿಂದ ಓದು, ಉತ್ತರ ಅಲ್ಲೇ ಐತಿ,” ಎನ್ನುತ್ತಾರಲ್ಲ, ಆ ಮಾತನ್ನು ಮೊದಲು ಆಡಿದವಳು ಮಣ್ಣವ್ವ.

ಓದಿ ಮುಗಿದ ಮೇಲೆ ನೀನು ಕೂತಿರುವ ಹೊಸ್ತಿಲ ಮುಂದಿನ ಹಾಸುಗಲ್ಲನ್ನು ಒಮ್ಮೆ ಅಂಗೈಯಿಂದ ಸವರಿ, ಕೈ ಕಣ್ಣಿಗೊತ್ತಿಕೊ, ಏಕೆಂದರೆ ಅದರ ಮೇಲೆ ಸಾಲು ಸಾಲಾಗಿ ಏರಿಳಿದಿರುವುದು ಉಳಿಯ ಗುರುತಲ್ಲ, ಹೊಳೆವ್ವ ಅವತ್ತು ಇಟ್ಟಿರು ಎಂದು ಕೇಳಿ ಕೊಟ್ಟುಹೋದ ಅಲೆ.