ಹಣ್ಣಿಗೆ ಚುಚ್ಚಿದ ಕಡ್ಡಿ

ಗುರುಪಾದಜ್ಜ ಎಲ್ಲವನ್ನೂ ತೊರೆದು ಹೊಳೆದಂಡೆಯ ಮಠಕ್ಕೆ ಬಂದವರು. ಎಲ್ಲವನ್ನೂ ಅಂದರೆ, ಕೇಕಿನ ಡಬ್ಬಿಯೊಂದರ ಹೊರತು.

ಹರೆಯದಲ್ಲಿ ಅವರು ಪೇಟೆಯ ಬೇಕರಿಯೊಂದರಲ್ಲಿ ಭಟ್ಟಿಯ ಮುಂದೆ ನಿಂತು ದುಡಿದಿದ್ದರು. ಆಮೇಲೆ ಕಾವಿ ಉಟ್ಟರು, ಮಾತು ಕಡಿಮೆ ಮಾಡಿದರು, ಚಪ್ಪಲಿಯನ್ನೂ ಬಿಟ್ಟರು. ಆ ಉದ್ದನೆಯ ತಗಡಿನ ಡಬ್ಬಿ ಮಾತ್ರ ಜೋಳಿಗೆಯೊಳಗೆ ಕೂತು ಅವರ ಜೊತೆಗೇ ಬಂತು.

"ಸಂಸಾರ ಬಿಡಬಹುದು, ನಾಲಿಗಿ ಬಿಡಾಕ ಆಗಂಗಿಲ್ಲ" ಎಂದು ಭಕ್ತರು ನಗುತ್ತಿದ್ದರು. ಅಜ್ಜ ಅವರಿಗಿಂತ ಜೋರಾಗಿ ನಗುತ್ತಿದ್ದರು.

ಮಠದ ಹಿತ್ತಲಿನ ಹಿಪ್ಪುನೇರಳೆ ಹಣ್ಣು ಕಪ್ಪಾಗಿ, ಸಂತೆಗೆ ಕಿತ್ತಳೆಯ ಕೊನೆಯ ಬುಟ್ಟಿಗಳು ಬರುವ ಹೊತ್ತಿಗೆ ಮಠದಲ್ಲಿ ಕೇಕು ಆಗುತ್ತಿತ್ತು. ಮೊಟ್ಟೆ ಇಲ್ಲ, ಅದರ ಬದಲು ಗಟ್ಟಿ ಮೊಸರು. ಓವನ್ ಇಲ್ಲ, ದೊಡ್ಡ ಕಡಾಯಿಯಲ್ಲಿ ಹೊಳೆಯ ಮರಳು ಕಾಯಿಸಿ, ಅದರ ಮೇಲೆ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದರೆ ಮುಗಿಯಿತು.

ಈಗ ಅದನ್ನು ಮಾಡುತ್ತಿದ್ದವಳು ಅಜ್ಜನ ಶಿಷ್ಯೆ ಸಾವಂತ್ರಿ.

ಹಲ್ಲು ಮೂಡುವ ಮುಂಚೆಯೇ ಮಗಳನ್ನು ಜ್ವರಕ್ಕೆ ಕಳೆದುಕೊಂಡು, ಗಂಡನ ಮನೆಯಲ್ಲಿ ನಿಲ್ಲಲಾಗದೆ ಬಂದವಳು ಅವಳು. ಬಂದ ಹೊಸದರಲ್ಲಿ ಊಟ ಮಾಡುತ್ತಿರಲಿಲ್ಲ. ಈಗ ಊರಿಗೆಲ್ಲ ಊಟ ಬಡಿಸುತ್ತಿದ್ದಳು. ಹಬ್ಬದ ದಿನ ಪಂಕ್ತಿಯ ಮೇಲೆ ಪಂಕ್ತಿ ಬಂದರೂ ಅವಳ ಸಾರು ಕಡಿಮೆ ಬಿದ್ದದ್ದಿಲ್ಲ.

ಆದರೆ ಅವಳದೊಂದು ಗುಟ್ಟಿನ ಪರೀಕ್ಷೆ ಇತ್ತು. ಯಾರಾದರೂ ಅಜ್ಜನ ಆಶೀರ್ವಾದಕ್ಕೆಂದು ಕೂಸು ತಂದರೆ, ಬೇಕೆಂದೇ ಹೋಗಿ ಎದುರು ನಿಲ್ಲುತ್ತಿದ್ದಳು. ಈ ಸಲವಾದರೂ ಕಣ್ಣು ಒಣಗಿರುತ್ತದೆಯೋ ನೋಡೋಣ ಅಂತ.

ಒಂದು ಸಲವೂ ಒಣಗಿರಲಿಲ್ಲ. ನಾನಿನ್ನೂ ಹಸಿ, ಮನುಷ್ಯರ ನಡುವೆ ಬಾಳುವಷ್ಟು ಬೆಂದಿಲ್ಲ ಎಂದುಕೊಂಡು ಬಂದು ಒಲೆಯ ಮುಂದೆ ಕೂರುತ್ತಿದ್ದಳು.

ಹೀಗಿರುವಾಗ ತಂಗಿ ಸಕ್ಕು ಫೋನು ಮಾಡಿದಳು. ಅವಳಿಗೆ ದಿನ ತುಂಬುತ್ತ ಬಂದಿತ್ತು.

"ಅಕ್ಕಾ, ನಿಮ್ಮ ಮಠದ ಕೇಕು ತಿನ್ನಬೇಕು ಅನಸಾಕತ್ತೈತಿ. ಆ ಕಿತ್ತಳಿ ವಾಸನಿ ಕನಸಿನ್ಯಾಗೂ ಬರ್ತೈತಿ. ಇವರನ್ನ ಕಳಸ್ತೀನಿ. ಕೇಕೂ ಬರಲಿ, ನೀನೂ ಬಾ. ಅವ್ವ ಇಲ್ಲ. ನನ್ನ ಬಾಣಂತನ ನೀ ಮಾಡದ ಮತ್ತ ಯಾರು ಮಾಡ್ತಾರ?"

ಬಸುರಿಯ ಬಯಕೆಯನ್ನು ಇಲ್ಲವೆನ್ನಬಾರದು. ಕೇಕಿಗೆ ಸಾವಂತ್ರಿ ಹೂಂ ಅಂದಳು. ಉಳಿದ ಮಾತಿಗೆ ಫೋನು ಸರಿಯಾಗಿ ಕೇಳಿಸುತ್ತಿಲ್ಲ ಅಂದಳು.

ಸಕ್ಕುವಿನ ಗಂಡ ಬಸಲಿಂಗ ಟೆಂಪೋ ತಗೊಂಡು ಬರುವ ದಿನ ಬಂತು. ಬೆಳಿಗ್ಗೆಯೇ ಅವಳು ಅಜ್ಜನ ಮುಂದೆ ಹೋಗಿ ನಿಂತಳು. ಅಜ್ಜ ಕಟ್ಟೆಯ ಮೇಲೆ ಕೂತು ಕಿತ್ತಳೆ ಸಿಪ್ಪೆ ತುರಿಯುತ್ತಿದ್ದರು.

"ಅಜ್ಜಾರ, ಇವತ್ತ ಬಸಲಿಂಗ ಬರ್ತಾನ್ರಿ."

"ಬರಲಿ. ಮಜ್ಜಿಗಿ ಐತೇನು?"

"ಐತ್ರಿ. ಅವ ನನ್ನ ಕರಕೊಂಡು ಹೋಗಾಕ ಬರಾಕತ್ತಾನ್ರಿ. ನೀವು ಅವಂಗ ಒಂದು ಮಾತು ಹೇಳ್ರಿ. ಇಕಿ ಇನ್ನೂ ಹಸಿ ಅದಾಳ, ಕಳಸಾಂಗಿಲ್ಲ ಅಂತ."

"ನೀನ ಹೇಳು."

"ನಾ ಹೇಳಿದರ ತಂಗಿ ಸಿಟ್ಟಾಗತಾಳ್ರಿ. ಗುರುಗಳು ಹೇಳ್ಯಾರ ಅಂದರ ಸುಮ್ಮನಾಗತಾಳ."

"ಹಂಗಾದರ ಬಸುರಿ ಹೆಂಗಸಿನ ಸಿಟ್ಟು ನನ್ನ ತಲಿ ಮ್ಯಾಲ ಬರಲಿ ಅಂತೀ."

ಸಾವಂತ್ರಿ ನಗಲಿಲ್ಲ. "ಕೂಸು ಕಂಡರ ನನಗ ಅಳು ಬರ್ತೈತ್ರಿ. ಹುಟ್ಟಿದ ಕೂಸಿನ ಮುಂದ ಕಣ್ಣೀರು ಹಾಕಬಾರದು ಅಂತಾರ. ನನ್ನದಂತೂ ಹೋತು. ನನ್ನ ಕಣ್ಣೀರಿನಿಂದ ಅದಕ್ಕೇನಾರ ಆದರ ನಾ ಹೆಂಗ ಬದುಕಲಿ?"

ಅಜ್ಜ ತುರಿಯುವುದನ್ನು ನಿಲ್ಲಿಸಿದರು. ಆಮೇಲೆ ತುರಿಯ ತಟ್ಟೆಯನ್ನು ಅವಳ ಕೈಗೆ ಕೊಟ್ಟರು.

"ಮೊದಲ ತಂಗಿ ಬಯಕಿ ತೀರಸು. ಕೇಕು ಬೆಂದ ಮ್ಯಾಲ ಹೇಳ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಜ್ಜನಿಗೆ ಹೊಸದಲ್ಲ. ಸಾವಂತ್ರಿ ತಟ್ಟೆ ಹಿಡಿದು ಅಡುಗೆಮನೆಗೆ ಹೋದಳು.

ಬೆಣ್ಣೆ, ಸಕ್ಕರೆ ಸೇರಿಸಿ ನೊರೆ ಬರುವತನಕ ತಿಕ್ಕಿದಳು. ಮೊಸರು ಹಾಕಿದಳು, ಕಿತ್ತಳೆ ರಸ ಹಿಂಡಿದಳು, ತುರಿ ಉದುರಿಸಿದಳು, ಮೈದಾ, ಅಡುಗೆ ಸೋಡಾ ಜರಡಿ ಹಿಡಿದಳು. ಹಿಪ್ಪುನೇರಳೆಯನ್ನು ಒಣ ಹಿಟ್ಟಿನಲ್ಲಿ ಹೊರಳಿಸಿ ಮೆಲ್ಲಗೆ ಬೆರೆಸಿದಳು. ಬುಟ್ಟಿಯ ತಳದಲ್ಲಿ ಒಂದು ಹಿಡಿ ಹಣ್ಣು ಉಳಿದಿತ್ತು. ತಂಗಿಗೆ ತಾನೇ, ಇರಲಿ ಎಂದು ಅದನ್ನೂ ಡಬ್ಬಿಯ ನಟ್ಟನಡುವೆ ಸುರಿದು ಚಮಚದಿಂದ ಒಳಗೆ ಒತ್ತಿದಳು.

ಡಬ್ಬಿ ಕಾದ ಮರಳಿನ ಮೇಲೆ ಕೂತಿತು. ಮುಚ್ಚಳದ ಮೇಲೆ ಕೆಂಡ ಬಿತ್ತು. ಸ್ವಲ್ಪ ಹೊತ್ತಿಗೆ ಕಿತ್ತಳೆಯ ವಾಸನೆ ಹೊಳೆಯ ಮೆಟ್ಟಿಲತನಕ ಹೋಯಿತು.

ವಾಸನೆಯನ್ನೇ ಹಿಡಿದು ಬಂದವನಂತೆ ಬಸಲಿಂಗ ಬಂದ. ಅಜ್ಜನ ಕಾಲಿಗೆ ಬಿದ್ದ, ಮಜ್ಜಿಗೆ ಕುಡಿದ, ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಆತೇನ್ರಿ ಅಕ್ಕಾರ? ಅಕಿ ದಾರಿಗುಂಟ ಫೋನು ಮಾಡಿ ಮಾಡಿ ನನ್ನ ತಲಿ ತಿಂದಾಳ. ಕೂಸಿನ ತಲಿಗೆ ಕುಲಾವಿ ಹೊಲಿಸಿ ಇಟ್ಟಾಳ್ರಿ. ಕಟ್ಟೋದು ಅಕ್ಕನ ಕೈಯಿಂದನ ಆಗಬೇಕಂತ."

ಸಾವಂತ್ರಿ ಇಕ್ಕಳ ಕೈಗೆ ತಗೊಂಡಳು. "ಇನ್ನೂ ಬೇಯಬೇಕು" ಎಂದಷ್ಟೇ ಹೇಳಿ, ಮುಚ್ಚಳ ಸರಿಸಿದಳು.

ಕೇಕು ಉಬ್ಬಿ, ಮೇಲೆ ಹೊಂಬಣ್ಣ ಬಂದು, ನಡುವೆ ಬಿರಿದಿತ್ತು. ತೊಳೆದಿಟ್ಟ ತೆಂಗಿನ ಗರಿಯ ಕಡ್ಡಿಯನ್ನು ಆ ಬಿರುಕಿನಲ್ಲೇ ಚುಚ್ಚಿ ತೆಗೆದಳು. ಕಡ್ಡಿ ಒದ್ದೆ.

ಮುಚ್ಚಿದಳು, ಕೆಂಡ ಸರಿಮಾಡಿದಳು. ಕಾದಳು. ಮತ್ತೆ ಅದೇ ತೂತಿನಲ್ಲಿ ಚುಚ್ಚಿದಳು. ಒದ್ದೆ.

ಇನ್ನೊಂದಿಷ್ಟು ಕೆಂಡ ಹಾಕಿದಳು. ಚುಚ್ಚಿದಳು. ಮತ್ತೂ ಒದ್ದೆ. ಈಗ ಡಬ್ಬಿಯ ಅಂಚಿನಿಂದ ತುಸು ಕಮರು ವಾಸನೆ ಏಳತೊಡಗಿತು.

ಅಂಚು ಸೀಯುತ್ತಿದೆ, ನಡು ಬೇಯುತ್ತಿಲ್ಲ. ತಂಗಿ ಬಾಯಿಬಿಟ್ಟು ಕೇಳಿದ್ದು ಇದೊಂದು. ಅದನ್ನೂ ಕೆಡಿಸಿದೆನಲ್ಲ ಎಂದುಕೊಂಡಳು.

"ಅಜ್ಜಾರ!" ಎಂದು ಕೂಗಿದಳು. "ಇದೂ ಬೇಯವಲ್ಲದ್ರಿ!"

ಅಜ್ಜ ಅವಸರವಿಲ್ಲದೆ ಬಂದರು. ಬಗ್ಗಿ ಡಬ್ಬಿಯೊಳಗೆ ನೋಡಿದರು.

"ಎಲ್ಲಿ ಚುಚ್ಚಿದಿ?"

"ನಡುವಿನ್ಯಾಗರಿ. ಈ ತೂತಿನ್ಯಾಗ."

"ಪ್ರತಿ ಸಲಾನೂ?"

"ಹೂಂನ್ರಿ. ಅಲ್ಲೇ ಒದ್ದಿ ಇತ್ತಲ್ರಿ, ಒಣಗೇತೋ ಇಲ್ಲೋ ನೋಡಾಕ."

ಅಜ್ಜ ಅವಳ ಕೈಯಿಂದ ಕಡ್ಡಿ ತಗೊಂಡರು. ಒರೆಸಿದರು. ಬಿರುಕಿನಿಂದ ಎರಡು ಬೆರಳು ಆಚೆ ಚುಚ್ಚಿ ತೆಗೆದರು.

ಕಡ್ಡಿ ಒಣಗಿತ್ತು. ಒಂದು ಚೂರು ಹಿಟ್ಟೂ ಅಂಟಿರಲಿಲ್ಲ.

ಈಚೆ ಚುಚ್ಚಿದರು. ಒಣಗಿತ್ತು. ಮೂಲೆಯಲ್ಲಿ ಚುಚ್ಚಿದರು. ಅಲ್ಲೂ ಒಣಗಿತ್ತು. ಕೊನೆಗೆ ಅವಳ ತೂತಿನಲ್ಲೇ ಚುಚ್ಚಿದರು. ಕಡ್ಡಿ ನೇರಳೆ ಬಣ್ಣಕ್ಕೆ ತಿರುಗಿ, ತೊಯ್ದು ಬಂತು.

"ನೋಡ್ರಿ, ಹಸಿ" ಎಂದಳು ಸಾವಂತ್ರಿ.

"ನೆಕ್ಕು."

ನೆಕ್ಕಿದಳು. ಹಸಿ ಹಿಟ್ಟಿನ ರುಚಿ ಎಲ್ಲೂ ಇರಲಿಲ್ಲ. ಸಿಹಿ, ಅದರ ಹಿಂದೆ ಒಂದಿಷ್ಟು ಹುಳಿ.

"ಹಿಟ್ಟಲ್ಲರಿ" ಎಂದಳು ಮೆಲ್ಲಗೆ. "ಹಣ್ಣು."

"ಹಣ್ಣು ಒಣಗೋತನಕ ಬೇಯಿಸಿದರ?"

"ಕೇಕು ಕರಕಾಗತೈತ್ರಿ."

"ಸಕ್ಕುಗ ಕರಕು ಕಳಸೂಣೇನು?"

"ಬ್ಯಾಡ್ರಿ!"

ಸಾವಂತ್ರಿ ತಡಬಡಿಸಿ ಕೆಂಡ ಕೆಡವಿದಳು, ಇಕ್ಕಳದಿಂದ ಡಬ್ಬಿ ಎತ್ತಿದಳು. ತಿರುವಿ ತಟ್ಟಿದರೆ ಕೇಕು ಹಗುರಾಗಿ ಜಾರಿ ಬಂತು. ಅಂಚು ತುಸು ಕೆಂಪಾಗಿತ್ತು ಅಷ್ಟೆ, ಸೀದಿರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಸೆರಗಿನಿಂದ ಹಣೆ ಒರೆಸಿಕೊಂಡಳು.

ಬಸಲಿಂಗ ಕೈ ಚಾಚಿದ. ಅಜ್ಜ ಆ ಕೈ ಮೇಲೆ ಒಂದು ಏಟು ಕೊಟ್ಟರು.

"ಬೇಯೂತನಕ ತಡದವಗ ಆರೂತನಕ ತಡಿಯಾಕ ಆಗಂಗಿಲ್ಲೇನು?"

ಬಸಲಿಂಗ ಕೈ ತಿಕ್ಕಿಕೊಳ್ಳುತ್ತ ಹೋಗಿ ಟೆಂಪೋದಲ್ಲಿ ಕೂತ. ಕೇಕು ಆರುವತನಕ ಗುರು ಶಿಷ್ಯೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ಹೊಳೆಯಿಂದ ತಂಪು ಗಾಳಿ ಬರುತ್ತಿತ್ತು.

ಅಜ್ಜ ಬೇರೆ ಏನನ್ನೋ ಯೋಚಿಸುವವರಂತೆ ಕೇಳಿದರು. "ಕೂಸಿಗೆ ನೀರು ಎರಿಯೋದು ಮರತೀಯೇನು?"

"ಅದೆಂಗ ಮರೀತೈತ್ರಿ? ಕಾಲು ಚಾಚಿ, ಕಾಲ ಮ್ಯಾಲ ಬೋರಲ ಹಾಕ್ಕೊಂಡು, ಬೆನ್ನಿಗೆ ಮೊದಲ ಎಣ್ಣಿ. ನೀರು ಮೊಣಕೈಲೆ ನೋಡಬೇಕ್ರಿ, ಬೆರಳಿನಿಂದಲ್ಲ."

"ಬಾಣಂತಿಗೆ ಅಂಟಿನುಂಡಿ ಕಟ್ಟತೀಯೇನು?"

"ಕಟ್ಟತೀನ್ರಿ. ಸಕ್ಕುಗ ಕೊಬ್ಬರಿ ಜಾಸ್ತಿ ಹಾಕಬೇಕು, ಇಲ್ಲಂದರ ಮುಟ್ಟಂಗಿಲ್ಲ ಅಕಿ."

"ಕೂಸು ಹೊಟ್ಟಿ ನೋವಿಗೆ ಚೀರಿದರ?"

"ಓಮಿನ ಕಾವು ಕೊಡಬೇಕ್ರಿ, ಬಟ್ಟಿ ಗಂಟಿನ್ಯಾಗ. ಹಗೂರಕ. ಈಗಿನ ಹುಡುಗ್ಯಾರಿಗೆ ಅದು ಗೊತ್ತಿರಂಗಿಲ್ಲ. ಸುಡೋ ಗಂಟು ಇಟ್ಟು ಬಿಡ್ತಾರ."

"ಸಕ್ಕುಗ ಗೊತ್ತೈತೇನು?"

"ಅಕಿಗೆ? ಅಕಿಗೆ ಹಾಲು ಕಾಸಾಕ ಬರಂಗಿಲ್ಲ!"

"ರಾತ್ರಿಯೆಲ್ಲಾ ಎಚ್ಚರ ಇರತೀಯೇನು?"

"ನನಗ ಹೆಂಗೂ ನಿದ್ದಿ ಕಡಿಮಿ ಅಲ್ರಿ..."

ಮಾತು ಅಲ್ಲಿಗೆ ನಿಂತಿತು. ಸಾವಂತ್ರಿ ತನ್ನ ಕೈ ನೋಡಿಕೊಂಡಳು. ಬೆರಳ ತುದಿಗೆ ನೇರಳೆಯ ಕಲೆ ಹತ್ತಿತ್ತು.

ಕೂಸು ಕಂಡಾಗಲೆಲ್ಲ ತಾನೂ ಅದೇ ತೂತಿನಲ್ಲಿ ಕಡ್ಡಿ ಚುಚ್ಚಿಕೊಳ್ಳುತ್ತಿದ್ದೆನಲ್ಲ ಎಂದು ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು. ಎಷ್ಟೋ ದಿನದಿಂದ ಎದೆಯ ಮೇಲೆ ಹೊತ್ತಿದ್ದ ಬೀಸುಕಲ್ಲನ್ನು ಯಾರೋ ಇಳಿಸಿಟ್ಟಂತೆ ಹಗುರಾದಳು. ಅಜ್ಜ ಮಾತ್ರ ಹೊಳೆಯ ಕಡೆ ನೋಡುತ್ತ ಕೂತಿದ್ದರು, ಏನೂ ಕೇಳದವರ ಹಾಗೆ.

"ಅಜ್ಜಾರ, ಬಸಲಿಂಗಗ ಹೇಳೂ ಮಾತು..."

"ಕೇಕು ಬೆಂದೈತಿ. ಹೇಳಲೇನು?"

"ಬ್ಯಾಡ್ರಿ, ನಾನ ಹೇಳ್ತೀನಿ" ಎಂದು ಎದ್ದಳು. ಟೆಂಪೋದ ಕಡೆ ಮುಖ ಮಾಡಿ ಕೂಗಿದಳು. "ಬಸಲಿಂಗಾ, ಸ್ವಲ್ಪ ತಡಿ. ನನ್ನ ಸೀರಿ ಗಂಟು ಕಟಗೊಂಡು ಬರ್ತೀನಿ."

ಬಸಲಿಂಗ ಖುಷಿಗೆ ಸುಮ್ಮಸುಮ್ಮನೆ ಹಾರ್ನು ಹೊಡೆದ.

ಗಂಟು ಎಷ್ಟು ಹೊತ್ತು ಕಟ್ಟುವುದು? ಇದ್ದದ್ದೇ ನಾಲ್ಕು ಬಟ್ಟೆ. ಕೇಕನ್ನು ಬಾಳೆಎಲೆಯಲ್ಲಿ ಸುತ್ತಿ, ಅದರ ಮೇಲೊಂದು ತೊಳೆದ ಪಂಚೆ ಸುತ್ತಿ, ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದಳು. ಅಜ್ಜನ ಪಾದ ಮುಟ್ಟಿದಳು. ಟೆಂಪೋ ಹತ್ತಿದಳು.

ತೊಡೆಯ ಮೇಲಿನ ಕೇಕು ಇನ್ನೂ ಬೆಚ್ಚಗಿತ್ತು. ಆ ಕಾವು, ಆ ಭಾರ ಅವಳಿಗೆ ಗುರುತಿದ್ದದ್ದು. ನೋಡನೋಡುತ್ತ ಕಣ್ಣು ತುಂಬಿ ಬಂತು. ಅವಳು ಗಾಬರಿಯಾದಳು.

"ಅಜ್ಜಾರ!" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನೋಡ್ರಿ, ಈಗಿಂದನ ಸುರು ಆತು. ಅಲ್ಲಿ ಹೋಗಿ ಕೂಸಿನ ಮುಂದ ಅತ್ತುಬಿಟ್ಟರ?"

ಅಜ್ಜ ಹತ್ತಿರ ಬಂದು, ಕಿಟಕಿಯ ಮೇಲೆ ಕೈ ಇಟ್ಟರು.

"ಅಳು. ಆ ಮನಿಯಾಗ ಅಳಾಕಿ ನೀ ಒಬ್ಬಾಕಿನ ಅಂತ ತಿಳಿದೀಯೇನು? ಕೂಸು ನಿನಗಿಂತ ಜೋರಾಗಿ ಅಳ್ತೈತಿ. ಅದನ್ನ ಯಾರೂ ಮನಿಯಿಂದ ಹೊರಗ ಹಾಕಂಗಿಲ್ಲ."