ದನಿ ಒಡೆದ ವರ್ಷ

ಹೊಳೆಯ ದಂಡೆಯಲ್ಲಿ ಒಂದು ಗಂಡುಹುಡುಗರ ಶಾಲೆ. ಅಲ್ಲಿ ಗಣಿತ, ವ್ಯಾಕರಣಗಳ ಹಾಗೆ ಸಂಗೀತವೂ ಒಂದು ವಿಷಯ. ಪಾಠವಿತ್ತು, ಪರೀಕ್ಷೆಯಿತ್ತು, ನಪಾಸಾಗುವುದೂ ಇತ್ತು.

ಕಲಿಸುವವರು ಅಲಮೇಲಮ್ಮನವರು. ಅಂಗಿಯ ಗುಂಡಿ ಹಾಕದೆ ಬಂದವನು ಅವರ ಮುಂದೆ ಬಾಯಿ ತೆರೆಯುವಂತಿರಲಿಲ್ಲ.

ಅವರ ಶಿಷ್ಯರಲ್ಲಿ ಸದಾನಂದನೇ ಮುಂದು. ಐದು ಮನೆಯಷ್ಟು ಎತ್ತರದ ಶ್ರುತಿಯಲ್ಲಿ ಅವನು ಮೇಲಿನ ಸ್ವರಗಳಿಗೆ ಏರಿದರೆ ಅಡುಗೆಯವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಬಂದವರೆಷ್ಟು ಎಂದು ಅವನು ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದ.

ಆ ವರ್ಷ ಪರೀಕ್ಷೆ ಹತ್ತಿರ ಬಂದಾಗ, ಬೆಳಗಿನ ಪ್ರಾರ್ಥನೆಯಲ್ಲಿ ಅವನ ದನಿ ಒಡೆಯಿತು. ಮೇಲಿನ ಷಡ್ಜ ಎರಡಾಗಿ ಸೀಳಿ ಕೆಳಗೆ ಬಿತ್ತು.

“ಏನೋ ಸದು, ಗಂಟಲಲ್ಲಿ ಎಮ್ಮೆಕರು ಕಟ್ಟಿದ್ದೀಯಾ?” ಎಂದ ಪಕ್ಕದಲ್ಲಿ ಕೂತಿದ್ದ ಮುದ್ದಪ್ಪ. ಇಡೀ ತರಗತಿ ಗೊಳ್ಳೆಂದಿತು.

ಮರುದಿನದಿಂದ ಸದಾನಂದ ಕಳ್ಳದನಿ ಹಿಡಿದ. ಗಂಟಲು ಬಿಗಿದು, ಉಸಿರು ಸಣ್ಣಗೆ ಮಾಡಿ, ಮೇಲಿನ ಸ್ವರಗಳನ್ನು ತುದಿಬೆರಳಲ್ಲಿ ಮುಟ್ಟಿದಂತೆ ಮುಟ್ಟಿ ಬರುವುದು. ದೂರದಿಂದ ಕೇಳಿದವರಿಗೆ ಅದೇ ಹಳೆಯ ಸದಾನಂದ.

ಅಲಮೇಲಮ್ಮನವರು ದೂರದಲ್ಲಿರಲಿಲ್ಲ.

“ನಿಲ್ಲಿಸು. ಯಾರು ಹಾಡಿದ್ದು?”

“ನಾನೇ, ಅಮ್ಮ.”

“ಅಲ್ಲ. ನಿನ್ನನ್ನು ನಾನು ಬಲ್ಲೆ.”

ಪಾಠ ಮುಗಿದು ಎಲ್ಲರೂ ಹೋದರು. ಸದಾನಂದ ಮಾತ್ರ ಕೂತೇ ಇದ್ದ.

“ಅಮ್ಮ, ನನಗೆ ಸಂಗೀತ ಬೇಡ. ಚಿತ್ರಕಲೆಗೆ ಸೇರಿಸಿಬಿಡಿ. ಹೆಡ್‌ಮಾಸ್ಟರಿಗೆ ನೀವೊಂದು ಮಾತು ಹೇಳಿದರೆ ಸಾಕು.”

“ಚಿತ್ರ ಬರೆಯಲು ಬರುತ್ತದೆಯೇ?”

“ಇಲ್ಲ.”

“ಹಾಗಿದ್ದರೆ ಚಿತ್ರಕಲೆಯ ಮೇಲೇಕೆ ಕೋಪ?”

“ಹಾಡಲು ದನಿಯೇ ಇಲ್ಲವಲ್ಲ, ಅಮ್ಮ!” ಅವನ ಕಣ್ಣು ತುಂಬಿತು. “ಪರೀಕ್ಷಕರ ಮುಂದೆ ನಗೆಪಾಟಲಾಗಿ ನಪಾಸಾಗಲೇ?”

“ನಿನ್ನ ದನಿ ನಾನು ಕೊಟ್ಟದ್ದೇ?”

“ಅಲ್ಲ.”

“ಮತ್ತೆ ಇಷ್ಟು ವರ್ಷ ನಾನಿಲ್ಲಿ ಏನು ಮಾಡುತ್ತಿದ್ದೆ?”

ಸದಾನಂದ ತೋಳಿನಿಂದ ಕಣ್ಣೊರೆಸಿಕೊಂಡ.

ಅವರು ತಂಬೂರಿಯನ್ನು ಎಳೆದುಕೊಂಡು, ಬಿರಡೆ ತಿರುಗಿಸಿ ಶ್ರುತಿಯನ್ನು ಕೆಳಗಿಳಿಸಿದರು.

“ಪರೀಕ್ಷೆಯ ಹಾಡು ಶುರು ಮಾಡು, ಆ ವರ್ಣ. ನಿಲುಕುವ ಕಡೆ ಹಾಡು. ನಿಲುಕದ ಕಡೆ ಬಾಯಿ ಮುಚ್ಚು. ತಾಳ ಮಾತ್ರ ಬಿಡಕೂಡದು.”

“ಬಾಯಿ ಮುಚ್ಚಿದರೆ ವರ್ಣ ನಿಂತುಹೋಗುತ್ತದಲ್ಲ?”

“ನೀನು ನಿಲ್ಲಿಸಿದರೆ ನಿಲ್ಲುತ್ತದೆ.”

ಅವನು ಹಾಡಿದ. ಸ್ವರ ಮೇಲಕ್ಕೆ ಹೋಗುವಲ್ಲಿ ಬಾಯಿ ಮುಚ್ಚಿ ತೊಡೆ ತಟ್ಟುತ್ತ ಕೂತ. ಮತ್ತೆ ಬಾಯಿ ತೆರೆದಾಗ ಅರ್ಧ ಎಣಿಕೆ ತಡವಾಗಿತ್ತು.

“ನೀನು ಒಳಗೂ ನಿದ್ದೆ ಹೋಗಿದ್ದೆ. ಇನ್ನೊಮ್ಮೆ.”

ದಿನಾ ಅದೇ ಪಾಠ, ದಿನಾ ಅದೇ ಮಾತು. “ಇದೇನು, ಮೂಗರ ಸಂಗೀತವೇ?” ಎಂದು ಮುದ್ದಪ್ಪ ಕಿಟಕಿಯಲ್ಲಿ ಇಣುಕಿ ಹೋದ. ಸದಾನಂದ ಹಲ್ಲುಕಚ್ಚಿ ತೊಡೆ ತಟ್ಟಿದ.

ಒಂದು ಸಂಜೆ, ಬಾಯಿ ಮುಚ್ಚಿದ್ದಾಗಲೇ ಅವನಿಗೆ ಒಳಗೆ ಸ್ವರ ಕೇಳಿಸಿತು. ಗಮಕದ ಒಂದು ಎಳೆಯೂ ಬಿಡದೆ, ಎಂದೂ ಹಾಡದಷ್ಟು ತಿಳಿಯಾಗಿ.

ಅಂದು ಅಲಮೇಲಮ್ಮನವರು “ಇನ್ನೊಮ್ಮೆ” ಎನ್ನಲಿಲ್ಲ.

ಪರೀಕ್ಷೆಯ ದಿನ ಪಟ್ಟಣದಿಂದ ಶಾಲು ಹೊದ್ದ ವಿದ್ವಾಂಸರೊಬ್ಬರು ಪರೀಕ್ಷಕರಾಗಿ ಬಂದು ಸಭಾಂಗಣದಲ್ಲಿ ಕೂತರು. ಸದಾನಂದ ಗುಂಡಿಗಳನ್ನೆಲ್ಲ ಮುಟ್ಟಿ ನೋಡಿಕೊಂಡು ಎದುರಿಗೆ ಕೂತ.

ತಗ್ಗಿದ ಶ್ರುತಿಯಲ್ಲಿ, ಒರಟಾದ ಹೊಸ ದನಿಯಲ್ಲಿ ವರ್ಣ ಹೊರಟಿತು. ಪರೀಕ್ಷಕರೂ ತೊಡೆಯ ಮೇಲೆ ತಾಳ ಹಿಡಿದರು.

ಚರಣದ ಸ್ವರಗಳು ಮೇಲಕ್ಕೆ ಹೊರಟ ಜಾಗ ಬಂತು. ಕಳ್ಳದನಿ ನಾಲಿಗೆಯ ತುದಿಯವರೆಗೆ ಬಂದು ಕರೆಯಿತು. ಹಿಡಿದರೆ ಪಾಸು, ಅಲಮೇಲಮ್ಮನವರನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಸದಾನಂದ ಬಾಯಿ ಮುಚ್ಚಿದ.

ಸಭಾಂಗಣದಲ್ಲಿ ಅಲಮೇಲಮ್ಮನವರ ತಂಬೂರಿಯೊಂದೇ ಮಿಡಿಯುತ್ತಿತ್ತು. ಅವನ ಕೈ ಏಳುತ್ತಿತ್ತು, ಬೀಳುತ್ತಿತ್ತು. ಮುದ್ದಪ್ಪ ನಗಲು ತೆರೆದ ಬಾಯನ್ನು ಹಾಗೇ ಬಿಟ್ಟುಕೊಂಡು ಕೂತಿದ್ದ.

ತಾಳದ ಆವರ್ತದ ಮೇಲೆ ಆವರ್ತ ಕಳೆಯಿತು. ಆಮೇಲೆ ಸ್ವರಗಳು ಕೆಳಗಿಳಿದು ಬಂದವು. ಬರಬೇಕಾದ ಎಣಿಕೆಯಲ್ಲಿ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಅವನ ಬಾಯಿಂದಲೇ ಬಂದವು. ವರ್ಣ ಮುಗಿಯಿತು.

ಪರೀಕ್ಷಕರು ಶಾಲು ಸರಿಪಡಿಸಿಕೊಂಡರು.

“ಹುಡುಗ ಅಚ್ಚುಕಟ್ಟು, ಅಮ್ಮ. ಆದರೆ ಚರಣದ ಅರ್ಧ ಹಾಡಲೇ ಇಲ್ಲವಲ್ಲ. ಹಾಡದೇ ಇದ್ದದ್ದಕ್ಕೆ ನಾನು ಹೇಗೆ ಅಂಕ ಕೊಡಲಿ?”

ಸದಾನಂದ ತಲೆ ತಗ್ಗಿಸಲಿಲ್ಲ. ಗುರುವಿನ ಕಡೆ ನೋಡಿದ.

ಅಲಮೇಲಮ್ಮನವರು ಎದ್ದು ನಿಂತು ಸೆರಗು ಹೊದ್ದರು.

“ಅವನು ಬಾಯಿ ಮುಚ್ಚಿದ್ದಾಗಲೂ ನಿಮ್ಮ ಕೈ ತಾಳ ಹಾಕುತ್ತಲೇ ಇತ್ತಲ್ಲ, ಸ್ವಾಮಿ. ಯಾರ ಹಾಡಿಗೆ?”