ಗಂಟೆಯ ಕೆಳಗಿನ ಜಾಗ

ಕಾವೇರಿ ದಂಡೆಯಲ್ಲಿ ಒಂದು ಪುಟ್ಟ ಕ್ರೈಸ್ತ ಆಶ್ರಮ. ಅಲ್ಲಿ ಆಶ್ರಮಕ್ಕಿಂತ ದೊಡ್ಡ ಹೆಸರಿನ ಒಂದು ಗಂಟೆ.

ಅದು ಪೋರ್ಚುಗೀಸರ ಹಡಗಿನದು ಎಂದು ಕೆಲವರು. ಯಾವುದೋ ಸರ್ಕಸ್ ಕಂಪನಿಯವರು ಹೇಳದೆ ಕೇಳದೆ ಬಿಟ್ಟುಹೋದದ್ದು ಎಂದು ಕೆಲವರು. ಗುರು ಇನ್ನಾಸಿ ಸ್ವಾಮಿಗಳು ಕೇಳಿದವರ ಮುಖ ನೋಡಿ ಹಡಗೋ ಸರ್ಕಸ್ಸೋ ಒಂದನ್ನು ಆಯ್ದು ಹೇಳುತ್ತಿದ್ದರು.

ಅದರ ನಾದಕ್ಕೆ ಆಚೆ ದಡದ ಎಮ್ಮೆಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವಂತೆ. ಇದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಎಮ್ಮೆಗಳನ್ನು ಯಾರೂ ವಿಚಾರಿಸಿರಲಿಲ್ಲ.

ಆದರೆ ಗಂಟೆ ಬಾರಿಸಿ ವರ್ಷಗಳೇ ಆಗಿದ್ದವು. ಪ್ರಾರ್ಥನೆಯ ಹೊತ್ತಿಗೆ ಹುಣಸೆಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡನ್ನು ಬಡಿಯುತ್ತಿದ್ದರು. ಯಾಕೆ ಹೀಗೆ ಎಂದು ಶಿಷ್ಯ ಚೌರಪ್ಪ ಒಮ್ಮೆಯೂ ಕೇಳಿರಲಿಲ್ಲ.

ಆ ದಿನ ಮಧ್ಯಾಹ್ನ ಅವನು ಏಣಿ ಹಾಕಿ ಹತ್ತಿ, ಹುಣಸೆಹಣ್ಣು ಬೂದಿ ಹಾಕಿ ಗಂಟೆಯನ್ನು ತಿಕ್ಕಿದ. ಮುಖ ಕಾಣುವಷ್ಟು ತಿಕ್ಕಿದ. ಹೊಸ ಹಗ್ಗ ಕಟ್ಟಿದ. ಕೆಳಗಿಳಿದು, ಪಕ್ಕದಲ್ಲಿ ಕೂತು ಉಳಿದ ಹಗ್ಗ ಸುತ್ತತೊಡಗಿದ.

ಮರುದಿನ ಗಾಯಕ ಅರುಳದಾಸ್ ಬರುವವರಿದ್ದರು. ಅವರ ಭಕ್ತಿಗೀತೆ ಮೊಳಗದ ಚರ್ಚು ಆ ಸೀಮೆಯಲ್ಲೇ ಇರಲಿಲ್ಲ. ಚೌರಪ್ಪನ ಪೆಟ್ಟಿಗೆಯ ಮುಚ್ಚಳದೊಳಗೆ ಸಂತ ಅಂತೋಣಿಯವರ ಪಟದ ಪಕ್ಕದಲ್ಲೇ ಅವರ ಫೋಟೋ. ಹೆಚ್ಚು ಸಲ ನೋಡಿದ್ದು ಯಾರನ್ನು ಎಂಬುದನ್ನು ಸಂತರೇ ಹೇಳಬೇಕು.

ಚೌರಪ್ಪನ ತಂಗಿ ಲೂರ್ದುವಿಗೆ ಒಳ್ಳೆಯ ಕಂಠವಿತ್ತು. ಅವಳನ್ನು ತಮ್ಮ ಮೇಳಕ್ಕೆ ಸೇರಿಸಿಕೊಳ್ಳುವುದಾಗಿ ಅರುಳದಾಸ್ ಹೇಳಿಕಳಿಸಿದ್ದರು. ತಾಯಿತಂದೆ ಇಲ್ಲದ ಮನೆ. ಅಣ್ಣ ಹೂಂ ಅಂದರೆ ನಾಳೆ ಅವರದೇ ಕಾರಿನಲ್ಲಿ ಅವಳ ಪ್ರಯಾಣ.

ಹೋದ ವರ್ಷ ಅದೇ ಕಾರಿನಲ್ಲಿ ಊರಿನ ಮೊನಿಕ ಹೋಗಿದ್ದಳು. ತಿರುಗಿ ಬಂದವಳು ಹಾಡುವುದನ್ನು ಬಿಟ್ಟಳು. ಚರ್ಚಿನಲ್ಲಾಗಲಿ ಮನೆಯಲ್ಲಾಗಲಿ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ಏನಾಯಿತೆಂದು ಊರು ಪಿಸುಗುಟ್ಟುತ್ತಿತ್ತು. ಚೌರಪ್ಪ ಆಗೆಲ್ಲ ಟೇಪಿನಲ್ಲಿ ಅರುಳದಾಸರ ಹಾಡಿನ ಸದ್ದು ಜೋರು ಮಾಡುತ್ತಿದ್ದ.

ಸ್ವಾಮಿಗಳು ಬಂದು ಗಂಟೆಯನ್ನು ಕತ್ತೆತ್ತಿ ನೋಡಿದರು.

"ಏನಪ್ಪಾ, ಗಂಟೆಗೆ ಮದುವೆ ಗೊತ್ತಾಯ್ತಾ?"

"ನಾಳೆ ಅರುಳದಾಸ್ ಬರ್ತಾರಲ್ಲ ಸ್ವಾಮಿ. ಬಾರಿಸೋಣ ಅಂತ."

"ಕೈ ಯಾಕೆ ನಡುಗ್ತಿದೆ?"

"ಎತ್ತರ ಸ್ವಾಮಿ. ಹೆದರಿಕೆ."

"ಇಳಿದು ಎಷ್ಟೋ ಹೊತ್ತಾಯ್ತಲ್ಲೋ."

ಚೌರಪ್ಪ ಹಗ್ಗ ಸುತ್ತುತ್ತಲೇ ಇದ್ದ.

"ಲೂರ್ದುವನ್ನ ಕಳಿಸ್ತೀಯಾ?"

"ಜನ ನೂರು ಆಡ್ತಾರೆ ಸ್ವಾಮಿ. ಅವರ ಕಂಠ ಕೇಳಿದ್ದೀರಾ? ದೇವರು ಕೊಡದೆ ಅಂಥದ್ದು ಬರುತ್ತಾ?"

"ದೇವರೇ ಕೊಟ್ಟದ್ದು. ಅನುಮಾನವೇ ಇಲ್ಲ."

"ಮತ್ತೆ? ಕೇಳೋರಿಗೆ ಹಾಡು ಸಾಕು. ಹಾಡೋನ ಬಾಗಿಲ ಹಿಂದೆ ಏನಿದ್ರೆ ನಮಗೇನು? ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದು ಅಂತ ಪ್ರಭುವೇ ಹೇಳಿಲ್ವಾ?"

"ಹೇಳಿದ್ದಾರೆ," ಸ್ವಾಮಿಗಳು ಒಪ್ಪಿಕೊಂಡರು. "ಎಲ್ಲಿ, ಆ ಹಗ್ಗ ಕೊಡು. ನೀನು ಗಂಟೆಯ ಕೆಳಗಿನ ಆ ಕಲ್ಲಿನ ಮೇಲೆ ಕೂತ್ಕೋ. ನಾದ ಅಲ್ಲೇ ಚೆನ್ನಾಗಿ ಕೇಳೋದು."

ಚೌರಪ್ಪ ಕೂತ. ಸ್ವಾಮಿಗಳು ಎಳೆದರು.

ನಾದ ಅವನ ಎದೆಗೂಡಿಗೆ ಇಳಿದು, ಹೊಳೆಯ ಮೇಲೆ ಹರಡಿತು. ಚೌರಪ್ಪನಿಗೆ ಕಣ್ಣು ತುಂಬಿ ಬಂತು. ಆಚೆ ದಡದಲ್ಲಿ ಎಮ್ಮೆಗಳಿದ್ದವೋ ಇಲ್ಲವೋ.

ಸ್ವಾಮಿಗಳು ಮತ್ತೆ ಎಳೆದರು.

ಅವನ ತಲೆಯ ಮೇಲೆ ಏನೋ ಉದುರಿತು. ಕೈಯಿಟ್ಟು ನೋಡಿದ. ಹಿಟ್ಟಿನಂಥ ಕಂದು ಪುಡಿ.

ಮೇಲೆ ನೋಡಿದ. ಗಂಟೆಯನ್ನು ಹೊತ್ತ ತೊಲೆಗೆ ಸುಣ್ಣ ಬಳಿದಿತ್ತು. ಸುಣ್ಣ ಬಿಟ್ಟುಕೊಂಡ ಕಡೆ ಗೆದ್ದಲಿನ ಮಣ್ಣಿನ ಗೆರೆ. ಗೆರೆಯ ಪಕ್ಕ ಬೆರಳು ತೂರುವಷ್ಟು ಬಿರುಕು. ತಾನು ಇಷ್ಟು ಹೊತ್ತು ತಿಕ್ಕಿದ್ದು ಅದರಿಂದ ಗೇಣು ದೂರದಲ್ಲಿ.

"ಸ್ವಾಮಿ, ತೊಲೆ..."

"ತೊಲೆ ಯಾಕೆ ನೋಡ್ತೀಯ? ನಾದದಲ್ಲಿ ಏನಾದ್ರೂ ಕುಂದಿದೆಯಾ?"

"ಇಲ್ಲ."

"ಹಾಗಾದ್ರೆ ಕೇಳು."

ಮತ್ತೆ ಎಳೆದರು. ಈ ಸಲ ನಾದದೊಳಗೆ ಇನ್ನೊಂದು ಸದ್ದು ಸೇರಿತ್ತು. ಯಾರೋ ಕತ್ತಲಲ್ಲಿ ಬಾಗಿಲನ್ನು ಮೆಲ್ಲಗೆ ತೆಗೆದ ಹಾಗೆ.

ಚೌರಪ್ಪ ಎರಡೂ ಕೈಯಲ್ಲಿ ಕಲ್ಲಿನ ಅಂಚು ಹಿಡಿದುಕೊಂಡ. ನಾದ ಮೊದಲಿನಷ್ಟೇ ಇಂಪಾಗಿತ್ತು. ಅದೇ ಅವನಿಗೆ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಅಂಗೈಯಗಲದ ಚಕ್ಕೆಯೊಂದು ಅವನ ಮೊಣಕಾಲ ಪಕ್ಕ ಬಿತ್ತು.

"ಹೆದರಿಕೆ ಆಯ್ತಾ?" ಸ್ವಾಮಿಗಳು ಹಗ್ಗ ಸಡಿಲ ಬಿಟ್ಟರು. "ಸರಿ, ಏಳು. ನೀನು ಕೂರೋದು ಬೇಡ."

ಅವನು ತೆವಳಿಕೊಂಡೇ ಈಚೆ ಬಂದ. ಉಸಿರು ಬಿಟ್ಟ.

"ಲೂರ್ದುವನ್ನ ಕರಿ. ಅವಳು ಕೂರಲಿ."

ಕರೆಯಬೇಕಾಗಲಿಲ್ಲ. ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಲೂರ್ದು ಗಂಟೆಯ ಸದ್ದಿಗೆ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಿದ್ದಳು.

"ಬಾರಮ್ಮ," ಸ್ವಾಮಿಗಳು ಹಗ್ಗ ಬಿಗಿ ಮಾಡಿದರು. "ನಿಮ್ಮಣ್ಣ ನಿನಗೊಂದು ಜಾಗ ಹುಡುಕಿದ್ದಾನೆ. ಆ ಕಲ್ಲಿನ ಮೇಲೆ ಕೂತ್ಕೋ."

ಅವಳು ಅಣ್ಣನ ಮುಖ ನೋಡಿದಳು. ಅಣ್ಣ ತೊಲೆಯನ್ನು ನೋಡುತ್ತಿದ್ದ. ಅವಳು ಕಲ್ಲಿನ ಕಡೆ ಹೆಜ್ಜೆಯಿಟ್ಟಳು.

"ಅಲ್ಲೇ ನಿಲ್ಲು."

ಅದು ತನ್ನದೇ ದನಿ ಎಂದು ಚೌರಪ್ಪನಿಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವನ ಎರಡೂ ಕೈ ಹಗ್ಗದ ಮೇಲಿದ್ದವು, ಸ್ವಾಮಿಗಳ ಕೈ ಅವುಗಳ ಅಡಿಯಲ್ಲಿತ್ತು.

ಲೂರ್ದು ಕೂತಿದ್ದರೆ ಸ್ವಾಮಿಗಳು ನಿಜವಾಗಿ ಎಳೆಯುತ್ತಿದ್ದರೇ? ಆಶ್ರಮದಲ್ಲಿ ಇಂದಿಗೂ ಈ ಬಗ್ಗೆ ಜಗಳವಿದೆ.

"ಏನೋ ಇದು? ಗಂಟೆಯ ಮೇಲೆ ತೀರ್ಪು ಕೊಟ್ಟುಬಿಟ್ಟೆಯಲ್ಲ."

"ಗಂಟೆಯ ಮೇಲಲ್ಲ ಸ್ವಾಮಿ," ಚೌರಪ್ಪ ತೊದಲಿದ. "ಅದರ ಕೆಳಗೆ ತಂಗಿಯನ್ನ ಕೂರಿಸಲ್ಲ. ಅಷ್ಟೇ."

"ನಾಳೆ ಕಾರು ಬರುತ್ತಲ್ಲ?"

"ಬರುತ್ತೆ. ಬರಿದಾಗಿ ಹೋಗುತ್ತೆ."

ಲೂರ್ದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒಣಗಿದ ಮೇಲೂ ಒರೆಸುತ್ತಿದ್ದಳು.

"ಮೊನಿಕ ನನಗೆ ಎಲ್ಲಾ ಹೇಳಿದ್ದಾಳೆ ಅಣ್ಣ. ಹೋಗಬೇಡ ಅಂದಳು. ನೀನು ಆ ಫೋಟೋ ಹೇಗೆ ನೋಡ್ತೀಯ ಅಂತ ಗೊತ್ತಲ್ಲ. ನಿನಗೆ ಹೇಳೋಕೆ ಭಯ ಆಯ್ತು."

ಅವಳು ಪಾತ್ರೆಗಳ ಕಡೆ ಹೊರಟುಹೋದಳು. ಚೌರಪ್ಪ ತಲೆಯಲ್ಲಿದ್ದ ಪುಡಿ ಕೊಡವಲೂ ಮರೆತು ನಿಂತಿದ್ದ.

ಸ್ವಾಮಿಗಳು ಏಣಿ ಹತ್ತಿ ಹಗ್ಗ ಬಿಚ್ಚಿ ತಂದು ಅವನ ಹೆಗಲಿಗೆ ಹಾಕಿದರು.

"ಸಂಜೆ ಪ್ರಾರ್ಥನೆಯಲ್ಲಿ ಮೊದಲು ಮೊನಿಕಳ ಹೆಸರು ಹೇಳು. ಆಮೇಲೆ ಅರುಳದಾಸನದ್ದೂ ಹೇಳು. ಒಳಗೇ ಗೆದ್ದಲು ಹಿಡಿದವನನ್ನೂ ಪ್ರಭು ಕೈಬಿಡೋದಿಲ್ಲ. ಆದರೆ ಅವನ ಕಾರಿಗೆ ನಾವು ಯಾರನ್ನೂ ಹತ್ತಿಸಬಾರದು."

ಚೌರಪ್ಪನಿಗೆ ಸಣ್ಣ ಸಿಟ್ಟು ಬಂತು.

"ಸ್ವಾಮಿ, ತೊಲೆ ಗೆದ್ದಲು ಹಿಡಿದಿರೋದು ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಅದರ ಕೆಳಗೆ ನನ್ನನ್ನ ಕೂರಿಸೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?"

ಸ್ವಾಮಿಗಳು ರೈಲುಕಂಬಿ ಬಡಿಯಲು ಹುಣಸೆಮರದ ಕಡೆ ನಡೆಯುತ್ತಾ ಹೇಳಿದರು:

"ಅದನ್ನೇ ನಿನ್ನನ್ನ ಕೇಳೋಣ ಅಂತಿದ್ದೆ, ಮಗ."